ಅರ್ಕನೂ ಅರ್ಕವೂ: ಬಿಸಿಲಿನಿಂದ ಸಿಹಿನೀರು ಪಡೆದುದರ ಇತಿಹಾಸ

ಅರ್ಕಶಬ್ದಕ್ಕೆ ಸೂರ್ಯನೆಂದೂ ಎಕ್ಕದ ಗಿಡವೆಂದೂ ಭಟ್ಟಿಯಿಳಿಸಿದ ರಸವೆಂದೂ ಕನ್ನಡದಲ್ಲಿ ಅರ್ಥಗಳುಂಟು. ಮೊದಲಿನೆರಡು ಸಂಸ್ಕೃತದವು. ಮೂರನೆಯದು ಬೆವರೆಂಬರ್ಥದ ಅರಬ್ಬೀ ‘ಅರಕ್’ ಶಬ್ದದಿಂದ ಬಂದು, ಸಂಸ್ಕೃತರೂಪವನ್ನು ತಳೆದು, ವೈದ್ಯಗ್ರಂಥಗಳಲ್ಲಿ ನೆಲೆಸಿತು. ಉಪ್ಪುನೀರನ್ನು ಬಿಸಿಲಿನಿಂದಲೇ ಭಟ್ಟಿಯಿಳಿಸುವ ಯಂತ್ರದಲ್ಲಿ ಕುಲ ಬೇರೆಯಾದ ಈ ಎರಡು ಅರ್ಕಗಳೂ ಕೂಡುತ್ತವೆ: ಮೇಲೆ ಸೂರ್ಯನು ಕಾಯುವನು; ಕೆಳಗೆ ಗಾಜಿನ ಒಳಮೈಯಲ್ಲಿ ನೀರು ಬೆವರಿನಂತೆ ಹನಿಗಟ್ಟುವುದು. ಇದನ್ನು ಕಂಡಾಗ, ಯಂತ್ರವೂ ನಮ್ಮ ಪೂರ್ವಿಕರದೇ ಎಂದು ಸಾಧಿಸುವ ಆಸೆಯು ನನ್ನಂತೆ ಸಂಸ್ಕೃತ ಪಾಠಶಾಲೆಯಲ್ಲಿ ಕಲಿತವರಿಗೆ ಹುಟ್ಟುವುದು ಸಹಜ. ಆ ಆಸೆಯನ್ನು ಬದಿಗಿರಿಸಿ ಪ್ರಮಾಣಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಸೂರ್ಯನು ನೀರನ್ನು ಹೀರಿ ಮಳೆಯಾಗಿ ಹಿಂದಿರುಗಿಸುವನೆಂಬುದು ನಮ್ಮ ಕವಿಗಳಿಗೆ ಚಿರಪರಿಚಿತ. ರಘುವಂಶದ ಪ್ರಥಮಸರ್ಗದಲ್ಲಿ ಕಾಳಿದಾಸನು ದಿಲೀಪನು ಪ್ರಜೆಗಳಿಂದ ಕಂದಾಯವೆತ್ತಿದುದಕ್ಕೆ ಇದನ್ನೇ ಉಪಮಾನವನ್ನಾಗಿ ಮಾಡಿಕೊಂಡಿರುವನು. ಕಡಲನೀರು ಆವಿಯಾದರೆ ಸಿಹಿಯಾಗುವುದೆಂದು ಗ್ರೀಸಿನ ಅರಿಸ್ಟಾಟಲನೂ ಹೇಳಿದ್ದನು. ಇನ್ನು ರಸರತ್ನಸಮುಚ್ಚಯದಲ್ಲಿ ತಿರ್ಯಕ್ಪಾತನಯಂತ್ರದ ವರ್ಣನೆಯಿದೆ: ಒಂದು ಪಾತ್ರೆಗೆ ಉರಿ, ಓರೆಯಾದ ನಾಳ, ಅದರ ಇನ್ನೊಂದು ಕೊನೆಯಲ್ಲಿ ತಂಪಾದ ಪಾತ್ರೆ. ಆದರೆ ಅದು ಪಾದರಸಾದಿಗಳ ಸಂಸ್ಕಾರಕ್ಕಾಗಿ ಹೇಳಿದುದು. ಅದರ ಶಾಖವು ಬೆಂಕಿಯದು. ಕವಿಯಲ್ಲಿ ಸೂರ್ಯನಿದ್ದಾನೆ, ಯಂತ್ರವಿಲ್ಲ. ರಸಶಾಸ್ತ್ರಜ್ಞನಲ್ಲಿ ಯಂತ್ರವಿದೆ, ಸೂರ್ಯನಿಲ್ಲ. ಎರಡನ್ನೂ ಜೋಡಿಸಿ ಓದಿದರೆ ಆ ಜೋಡಣೆಯು ನಮ್ಮದೇ ಹೊರತು ಗ್ರಂಥಕಾರರದಾಗಲಾರದು.

ಸೂರ್ಯತಾಪದಿಂದ ಭಟ್ಟಿಯಿಳಿಸುವ ವಿಚಾರವನ್ನು 16ನೆಯ ಶತಮಾನದಲ್ಲಿ ಇಟಲಿಯ ದೆಲ್ಲಾ ಪೋರ್ಟಾ ಬರೆದನು. ಅದು ಒಂದು ಊರಿನ ನೀರಡಿಕೆಯನ್ನು ತೀರಿಸುವಷ್ಟು ದೊಡ್ಡದಾದುದು 1872ರಲ್ಲಿ, ದಕ್ಷಿಣ ಅಮೆರಿಕದ ಅಟಕಾಮಾ ಮರುಭೂಮಿಯ ಲಾಸ್ ಸಾಲಿನಾಸ್ ಎಂಬಲ್ಲಿ. ಈ ಸ್ಥಳವು ಚಿಲಿಯದೆಂದು ಪುಸ್ತಕಗಳಲ್ಲಿ ಕಾಣುವುದಾದರೂ, ಆ ವರ್ಷ ಅದು ಬೊಲಿವಿಯದ ಆಳ್ವಿಕೆಯಲ್ಲಿತ್ತು. 1879ರಲ್ಲಿ ಮೊದಲಾದ ಯುದ್ಧದಿಂದ ಚಿಲಿಯ ವಶವಾಯಿತು. ಅಲ್ಲಿ ಗಣಿಗಳ ಸಾಗಣೆಗೆ ಹೇಸರಗತ್ತೆಗಳೇ ಆಧಾರ. ಬಾವಿಯ ನೀರಾದರೋ ಕುಡಿಯಲಾರದಷ್ಟು ಉಪ್ಪು. ಚಾರ್ಲ್ಸ್ ವಿಲ್ಸನ್ ಎಂಬ ಇಂಜಿನಿಯರನು ತಳಕ್ಕೆ ಕಪ್ಪುಬಣ್ಣವುಳ್ಳ ಮರದ ತೊಟ್ಟಿಗಳನ್ನು ಸಾಲಾಗಿಟ್ಟು, ಓರೆಯಾದ ಗಾಜಿನ ಹೊದಿಕೆಯನ್ನು ಕಟ್ಟಿಸಿದನು. ಸುಮಾರು 4,500 ಚದರ ಮೀಟರಿನ ಆ ಏರ್ಪಾಡು ದಿನಕ್ಕೆ ಸುಮಾರು 22,000 ಲೀಟರು ಸಿಹಿನೀರನ್ನು ಕೊಡುತ್ತಿದ್ದಿತು. ಅಂದರೆ ಚದರ ಮೀಟರಿಗೆ 5 ಲೀಟರಿನಷ್ಟು. ಬಳಿಕ ಎಷ್ಟೋ ಕಡೆ ಇಂತಹ ತೊಟ್ಟಿಗಳನ್ನು ಕಟ್ಟಿದರೂ ಇಳುವರಿಯು ಈ ಮೇರೆಯನ್ನು ಹೆಚ್ಚಾಗಿ ದಾಟಲಿಲ್ಲ. ನಮ್ಮ ದೇಶದಲ್ಲಿ ಭಾವನಗರದ ಕೇಂದ್ರೀಯ ಲವಣ ಸಂಶೋಧನಾಲಯದವರು 1978ರಲ್ಲಿ ಗುಜರಾತಿನ ಅವಾನಿಯಾ ಗ್ರಾಮದಲ್ಲಿ ಕಟ್ಟಿದುದು ದಿನಕ್ಕೆ 5,000 ಲೀಟರಿನದು; ಅದೂ ಇದೇ ತೊಟ್ಟಿಯ ಜಾತಿಯದು.

ಈ ಮೇರೆಗೆ ಕಾರಣವೇನು? 30 ಡಿಗ್ರಿ ಸೆಂಟಿಗ್ರೇಡಿನ 1 ಗ್ರಾಂ ನೀರನ್ನು 100 ಡಿಗ್ರಿಗೆ ಏರಿಸಲು 70 ಕ್ಯಾಲೊರಿ ಸಾಕು. ಅದನ್ನು ಆವಿಯಾಗಿಸಲು ಮತ್ತೆ ಸುಮಾರು 540 ಕ್ಯಾಲೊರಿ ಬೇಕು. ಆವಿಯಲ್ಲಿ ಅಡಗಿದ ಈ ಗುಪ್ತೋಷ್ಣವನ್ನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕನು 18ನೆಯ ಶತಮಾನದಲ್ಲಿಯೇ ಅಳೆದಿದ್ದನು. ಆವಿಯು ಗಾಜಿಗೆ ತಗಲಿ ನೀರಾಗುವಾಗ ಅಷ್ಟು ಉಷ್ಣವನ್ನೂ ಬಿಟ್ಟುಕೊಡುವುದು. ವಿಲ್ಸನನ ತೊಟ್ಟಿಯಲ್ಲಿ ಅದು ಗಾಜಿನ ಮೂಲಕ ಗಾಳಿಗೆ ಸೇರಿ ವ್ಯರ್ಥವಾಗುತ್ತಿದ್ದಿತು.

ಹೀಗೆ ವ್ಯರ್ಥವಾಗುವ ಉಷ್ಣವನ್ನು ಹಿಡಿದು ಮರಳಿ ದುಡಿಸಿಕೊಳ್ಳುವುದೇ ಈಚಿನ ಸುಧಾರಣೆಯ ಸಾರ. 2020ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯವರೂ ಶಾಂಘಾಯಿಯ ಜಿಯಾವೊ ತೋಂಗ್ ವಿಶ್ವವಿದ್ಯಾಲಯದವರೂ ಕೂಡಿ ಹತ್ತು ಹಂತಗಳ ಯಂತ್ರವನ್ನು ಪ್ರಕಟಿಸಿದರು. ಅದರಲ್ಲಿ ಒಂದು ಹಂತದ ಆವಿಯು ನೀರಾಗುವಾಗ ಬಿಟ್ಟ ಉಷ್ಣವು ಮುಂದಿನ ಹಂತದ ಬತ್ತಿಯಲ್ಲಿರುವ ಉಪ್ಪುನೀರನ್ನು ಕಾಯಿಸುವುದು. ಪೂರ್ಣ ಬಿಸಿಲಿನಷ್ಟು ಬೆಳಕಿನಲ್ಲಿ ಚದರ ಮೀಟರಿಗೆ ಗಂಟೆಯೊಂದಕ್ಕೆ 5.78 ಲೀಟರು ದೊರೆಯಿತು: ಲಾಸ್ ಸಾಲಿನಾಸಿನ ಒಂದು ದಿನದ ಫಲವು ಇಲ್ಲಿ ಒಂದು ಗಂಟೆಯದು. ಯಂತ್ರದ ಕಾರ್ಯಕ್ಷಮತೆಯನ್ನು ಶೇಕಡಾ 385 ಎಂದು ಎಣಿಸಿರುವರು. ನೂರನ್ನು ಮೀರಿದುದು ಹೇಗೆಂದು ವಾಚಕರು ಸಂದೇಹಿಸಬೇಕಾಗಿಲ್ಲ. ಒಂದೇ ಉಷ್ಣವನ್ನು ಹಲವು ಸಲ ದುಡಿಸಿದುದರ ಲೆಕ್ಕವದು. ಆದರೆ ಇದು ಸಣ್ಣ ಯಂತ್ರದಲ್ಲಿ ಕಂಡ ಫಲ. ವಿಲ್ಸನನ ತೊಟ್ಟಿಗಳೋ ದಿನದಿನವೂ ನೂರಾರು ಪ್ರಾಣಿಗಳಿಗೆ ನೀರುಣಿಸಿದುವು. ಎರಡನ್ನೂ ತೂಗುವಾಗ ಈ ಭೇದವನ್ನು ಮರೆಯಬಾರದು.

ಉಪ್ಪುಬಾವಿಗಳಲ್ಲದೆ ಬೇರೆ ಗತಿಯಿಲ್ಲದ ಊರುಗಳು ನಮ್ಮ ನಾಡಿನಲ್ಲಿ ಇನ್ನೂ ಉಂಟು. ಎಲ್ಲವೂ ಹಿಂದೆಯೇ ಸಿದ್ಧವಾಗಿತ್ತೆಂದು ಪಾಠ ಕೇಳಿದ ವಿದ್ಯಾರ್ಥಿಯು ಗಾಜಿನಾಚೆ ಹೋದ ಉಷ್ಣವೆಲ್ಲಿ ಎಂದು ಕೇಳಲಾರನು. ಕಾಳಿದಾಸನ ಆ ಉಪಮೆಯನ್ನು ಬೋಧಿಸುವ ಉಪಾಧ್ಯಾಯರು ಅದರ ಸೊಬಗನ್ನು ಪೂರ್ಣವಾಗಿ ಹೇಳಲಿ; ಲಾಸ್ ಸಾಲಿನಾಸಿನ ತೊಟ್ಟಿಯ ಕಥೆಯನ್ನೂ ಹೇಳಲಿ; ಒಂದನ್ನು ಇನ್ನೊಂದೆಂದು ಮಾತ್ರ ಹೇಳದಿರಲಿ ಎಂದು ವಿದ್ವಾಂಸರಲ್ಲಿ ನನ್ನ ವಿಜ್ಞಾಪನೆ.