ಹಳೇ ಕಾರಿನ ಪೈಪು, ಅತ್ತಿಯವ್ರ ಕಿವಿ

ಯಾವಾಗ್ಲೂ ಅಡಗಿ, ಹಬ್ಬ, ಕೌದಿ ಅಂತ ಬರಿಯೋಕಿ ಈ ಸಲ ಕಾರಿನ ಬಾನೆಟ್ ಒಳಗ ಯಾಕ ಇಣುಕಿದ್ಲು ಅಂತ ನಗಬ್ಯಾಡ್ರಿ. ಹೋದ ತಿಂಗಳು ನಮ್ಮ ಹಳೇ ಮಾರುತಿ 800ಕ್ಕ ವ್ಯಾಕ್ಯೂಮ್ ಪೈಪು ಎಲ್ಲಾ ಹೊಸಾವು ಹಾಕಿಸಿದ್ವಿ. ಬೆರಳು ಗಾತ್ರದ್ದೊಂದು, ಪೆನ್ಸಿಲ್ ಗಾತ್ರದ್ದೊಂದಿಷ್ಟು ಕರೇ ರಬ್ಬರ್ ಪೈಪು, ಅಷ್ಟ. ಆದ್ರ ಅವುಗಳ ಹಿಂದ ಎಷ್ಟು ದೊಡ್ಡ ಇತಿಹಾಸ ಐತಿ ಅಂತ ಗೊತ್ತಾದ ಮ್ಯಾಲ ನಿಮಗೂ ಹೇಳ್ಬೇಕನಿಸ್ತು. ನಮ್ಮನಿ ಮಂದಿ ಜೀವ ಆ ಪೈಪಿನ ಮ್ಯಾಲ ನಿಂತಿತ್ತು ಅನ್ನೋದೂ ಒಂದು ಕಾರಣ.

ಮೊದಲ ಆಗಿದ್ದು ಹೇಳ್ತೀನಿ. ಗಾಡಿ 1998ರದು. ನಮ್ಮ ಕೊಪ್ಪಳ ರಾಯಚೂರಿನಿಂದ ಬ್ಯಾರೆ ಜಿಲ್ಲಾ ಆಗಿದ್ದು 1997ಕ್ಕ. ಜಿಲ್ಲಾಕ್ಕಿಂತ ಗಾಡಿ ಒಂದು ವರ್ಷ ಸಣ್ಣದು. ಬ್ಯಾಸಗಿಯಿಂದ ಅದು ನಿಂತಲ್ಲಿ ನಿಲ್ಲದಂಗ ಆಗಿತ್ತು. ಸಿಗ್ನಲ್‌ನ್ಯಾಗ ನಿಲ್ಲಿಸಿದ್ರ ಒಮ್ಮೆ ಗುರ್ ಅಂತ ಏರೋದು, ಒಮ್ಮೆ ಆಫ್ ಆಗೋದು. ಹಿಂದಿನ ಸೀಟಿನ್ಯಾಗ ಕುಂತ ನಮ್ಮ ಅತ್ತಿಯವ್ರು, “ಏನೋ ಸುಂಯ್ ಅಂತೈತಿ ನೋಡ್ರಿ, ಕುಕ್ಕರಿನ ರಬ್ಬರ್ ಹೋದಾಗ ಅಂತೈತಲ್ಲ ಹಂಗ” ಅಂತ ಎರಡು ಮೂರು ಸಲ ಅಂದ್ರು. ನಮ್ಮನಿಯವ್ರು, “ನಿನಗ್ಯಾಕಬೇ ಇಂಜಿನ್ ಸುದ್ದಿ” ಅಂದ್ರು. ನಾನೂ ನಕ್ಕಿದ್ದೆ, ಸುಳ್ಳ್ಯಾಕ ಹೇಳ್ಲಿ. ಒಂದು ಗ್ಯಾರೇಜಿಗೆ ತೋರಿಸಿದ್ರ, “ಕಾರ್ಬುರೇಟರ್ ಹೊಸಾದು ಹಾಕ್ಬೇಕು, ಇಲ್ಲಾಂದ್ರ ಗುಜರಿಗೆ ಕೊಟ್ಟುಬಿಡ್ರಿ” ಅಂದ್ರು. ಸಾವಿರಗಟ್ಟಲೆ ಲೆಕ್ಕ. ಮುಂದಿನ ತಿಂಗಳು ನೋಡೋಣ ಅಂತ ಬಿಟ್ವಿ.

ಆಮ್ಯಾಲ ಕುಷ್ಟಗಿಗೆ ಕುಬುಸದ ಕಾರ್ಯಕ್ಕ ಹೋಗಿ ಬರಾಕತ್ತಿದ್ವಿ. ಸಂಜಿ ಹೊತ್ತು. ರಸ್ತಾಕ್ಕ ಕುರಿ ಹಿಂಡು ಅಡ್ಡ ಬಂತು. ಅದಕ್ಕೂ ಮೊದಲ ಎರಡು ಸಲ ಬ್ರೇಕ್ ಒತ್ತಿದ್ರಂತ, ಮೂರನೇ ಸಲಕ್ಕ ಪೆಡಲ್ ಕಲ್ಲಾಗಿಬಿಡ್ತು. ನಮ್ಮನಿಯವ್ರು ಸೀಟಿಗೆ ಬೆನ್ನು ಕೊಟ್ಟು ಎರಡೂ ಕಾಲಿಲೆ ತುಳಿದು, ಕೈ ಬ್ರೇಕ್ ಎಳೆದು, ಹಿಂಡಿಗೆ ಒಂದು ಮಾರು ಉಳಿದಾಗ ಗಾಡಿ ನಿಲ್ಲಿಸಿದ್ರು. ಕುರಿ ಕಾಯೋ ಅಣ್ಣ ಬೈದ. ಬೈಲಿ, ಅವನ ಕುರಿ ಉಳದ್ವು, ನಾವೂ ಉಳದ್ವಿ.

ಮರುದಿನ ಒಬ್ಬ ವಯಸ್ಸಾದ ಮಿಸ್ತ್ರಿ ಮನಿಗೇ ಬಂದ್ರು. ಇಂಜಿನ್ ಚಾಲೂ ಮಾಡಿ, ಒಂದು ಉದ್ದನೆ ಪೈಪಿನ ಒಂದು ತುದಿ ಕಿವಿಗಿಟ್ಟುಕೊಂಡು, ಇನ್ನೊಂದು ತುದಿ ಇಂಜಿನ್ ಸುತ್ತಾ ಆಡಿಸಿದ್ರು, ಡಾಕ್ಟರು ಎದಿ ನೋಡಿದಂಗ. ಬ್ರೇಕಿನ ಡಬ್ಬಿಗೆ ಹೋಗೋ ಪೈಪಿನ ಕೆಳಗ ಬಂದು ನಿಂತ್ರು. ಪೈಪು ಮ್ಯಾಲ ಛಲೋ ಕಾಣ್ತಿತ್ತು, ಕೆಳಗ ಒಡೆದು ಬಾಯಿ ಬಿಟ್ಟಿತ್ತು. “ಇದ ನೋಡ್ರಿ ಸುಂಯ್ ಅನ್ನಾಕತ್ತಿದ್ದು” ಅಂದ್ರು. ಅತ್ತಿಯವ್ರು ಏನೂ ಮಾತಾಡ್ಲಿಲ್ಲ. ನಮ್ಮ ಕಡೆ ಸುಮ್ಮನ ಒಂದು ಸಲ ನೋಡಿದ್ರು.

ಈಗ ಆ ಪೈಪಿನ್ಯಾಗ ಏನಿರ್ತೈತಿ ಅಂತ ಕೇಳ್ರಿ. ಏನೂ ಇರಂಗಿಲ್ಲ, ಅದ ಅದರ ಕೆಲಸ. ಎಳನೀರಿಗೆ ಸ್ಟ್ರಾ ಹಾಕಿ ಎಳಿತೀವಲ್ಲ, ನೀರು ನಮ್ಮ ಬಾಯಿಯ ಶಕ್ತಿಯಿಂದ ಏರ್ತೈತಿ ಅಂತ ತಿಳಕೊಂಡೀವಿ. ಖರೇ ಅಂದ್ರ, ಸ್ಟ್ರಾದೊಳಗಿನ ಗಾಳಿ ನಾವು ತಗದ ಮ್ಯಾಲ ಹೊರಗಿನ ಗಾಳಿ ನೀರನ್ನ ಒತ್ತಿ ಏರಿಸ್ತೈತಿ. ಸ್ಟ್ರಾಕ್ಕ ನಡುವ ತೂತು ಬಿತ್ತಂದ್ರ ಎಷ್ಟು ಎಳೆದ್ರೂ ಬಾಯಿಗೆ ಗಾಳಿನ ಬರ್ತೈತಿ. ನಮ್ಮ ಗಾಡಿಗೆ ಆಗಿದ್ದೂ ಅದ.

ಗಾಳಿಗೆ ಭಾರ ಐತಿ ಅಂತ ತೋರಿಸಿದಾವ ಇಟಲಿಯ ಟಾರಿಚೆಲ್ಲಿ, 1643ರಾಗ. ಗಾಳಿಯ ಒತ್ತಡ 76 ಸೆಂಟಿಮೀಟರ್ ಪಾದರಸ ಎತ್ತಿ ಹಿಡಿತೈತಿ ಅಂತ ಅವನ ಪ್ರಯೋಗದಿಂದ ಗೊತ್ತಾತು. ಮುಂದ 1650ರ ದಶಕದಾಗ ಜರ್ಮನಿಯ ಮ್ಯಾಗ್ಡೆಬರ್ಗ್ ಊರಿನ ಮೇಯರ್ ಓಟೊ ಫಾನ್ ಗೆರಿಕೆ ಅನ್ನಾವ ತಾಮ್ರದ ಎರಡು ಅರ್ಧ ಗುಂಡು ಮಾಡಿಸಿ, ಒಂದಕ್ಕೊಂದು ಜೋಡಿಸಿ, ಒಳಗಿನ ಗಾಳಿ ಪಂಪಿಲೆ ಎಳೆದ. ಎರಡೂ ಕಡೆ ಎಂಟೆಂಟು ಕುದುರಿ ಕಟ್ಟಿ ಜಗ್ಗಿಸಿದ್ರೂ ಅವು ಬಿಡ್ಲಿಲ್ಲ ಅಂತ ಪ್ರಸಿದ್ಧ. ಅಂಟು ಇಲ್ಲ, ಬೆಸುಗಿ ಇಲ್ಲ, ಬರೀ ಹೊರಗಿನ ಗಾಳಿ ಒತ್ತಿ ಹಿಡಿದಿತ್ತು.

ಈ ಶಕ್ತಿ ನಮ್ಮೂರಿಗೆ ಮೊದಲ ಬಂದಿದ್ದು ಕಾರಿನ್ಯಾಗಲ್ಲ, ರೈಲಿನ್ಯಾಗ. ಕೊಪ್ಪಳದ ಮ್ಯಾಲ ಮೀಟರ್ ಗೇಜ್ ರೈಲು ಓಡ್ತಿದ್ದಾಗ ಎರಡು ಡಬ್ಬಿ ನಡುವ ದಪ್ಪನ ಪೈಪು ಜೋತು ಬಿದ್ದಿರ್ತಿತ್ತು, ನೆನಪೈತೇನ್ರಿ? ಅದು ವ್ಯಾಕ್ಯೂಮ್ ಬ್ರೇಕಿನ ಪೈಪು. ಇಂಜಿನ್ನು ಇಡೀ ಗಾಡಿಯ ಪೈಪಿನೊಳಗಿನ ಗಾಳಿ ಎಳೆದಿಟ್ಟಿರ್ತಿತ್ತು. ಹಂಗ ಎಳೆದಿಟ್ಟಷ್ಟು ಹೊತ್ತು ಬ್ರೇಕ್ ಬಿಟ್ಟಿರ್ತಿತ್ತು, ಒಳಗ ಗಾಳಿ ಹೊಕ್ಕಿತಂದ್ರ ಬ್ರೇಕ್ ಹಿಡಿತಿತ್ತು. ಚೈನ್ ಎಳೆದ್ರ ರೈಲು ನಿಲ್ತಿತ್ತಲ್ಲ, ಅದು ಇದ. ಚೈನ್ ಎಳೆದಾಗ ಒಂದು ಕಿಂಡಿ ತೆರೆದು ಗಾಳಿ ಒಳಗ ಹೋಗ್ತಿತ್ತು.

ಮೊದಲ ಹಿಂಗಿರ್ಲಿಲ್ಲ. ಶುರುವಿನ ಕೆಲವು ವ್ಯಾಕ್ಯೂಮ್ ಬ್ರೇಕು ಉಲ್ಟಾ ಇದ್ವು: ಪೈಪು ಛಲೋ ಇದ್ರ ಮಾತ್ರ ಬ್ರೇಕು, ಪೈಪು ಬಿಚ್ಚಿದ್ರ ಬ್ರೇಕಿಲ್ಲ. 1889ರ ಜೂನ್ 12ಕ್ಕ ಐರ್ಲೆಂಡಿನ ಅರ್ಮಾ ಊರಿನ ಹತ್ರ ಸಂಡೇ ಸ್ಕೂಲಿನ ಮಕ್ಕಳು ಮಂದಿ ತುಂಬಿದ ರೈಲು ಏರು ಹತ್ತಲಾರದ ನಿಂತು, ಹಿಂದಿನ ಡಬ್ಬಿ ಬಿಚ್ಚಿ ಉಳಿದಿದ್ದು ಮುಂದ ಒಯ್ಯೋಣ ಅಂತ ಮಾಡಿದ್ರು. ಬಿಚ್ಚಿದ ಕೂಡ್ಲೆ ಹಿಂದಿನ ಡಬ್ಬಿಗಳಿಗೆ ಈ ಬ್ರೇಕ್ ಇಲ್ಲದಂಗಾತು. ಅವು ಇಳಿಜಾರಿಗೆ ಉರುಳಿ, ಹಿಂದ ಬರ್ತಿದ್ದ ಇನ್ನೊಂದು ರೈಲಿಗೆ ಬಡಿದ್ವು. ಸುಮಾರು 80 ಮಂದಿ ಹೋದ್ರು, ಭಾಳಷ್ಟು ಮಕ್ಕಳು. ಅದ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಕಾಯ್ದೆ ಮಾಡ್ತು: ಮಂದಿ ಕುಂದ್ರೋ ರೈಲಿಗೆ ತಾನಾಗೇ ಹಿಡಿಯೋ ಬ್ರೇಕ್ ಇರಲೇಬೇಕು ಅಂತ. ಪೈಪು ಹರಿದ್ರ ಗಾಡಿ ನಿಲ್ಲಬೇಕು, ಓಡಬಾರದು ಅನ್ನೋದು ಆ ಕಾಯ್ದೆಯ ತಾತ್ಪರ್ಯ.

ಇದನ್ನ ಯಾಕ ಇಷ್ಟು ಉದ್ದ ಹೇಳಿದೆ ಅಂದ್ರ, ನಮ್ಮ ಕಾರು ಆ ರೈಲಿನಂಗಿಲ್ಲ. ಕಾರಿನ ಪೈಪು ಹರಿದ್ರ ಬ್ರೇಕು ತಾನಾಗೇ ಹಿಡಿಯಂಗಿಲ್ಲ, ನಮಗ ಸಿಗೋ ಸಹಾಯ ಹೋಗ್ತೈತಿ.

ಆ ಸಹಾಯದ ಡಬ್ಬಿಗೆ ಬೂಸ್ಟರ್ ಅಂತಾರ. ಬೆಲ್ಜಿಯಂದ ಇಂಜಿನಿಯರ್ ಆಲ್ಬರ್ಟ್ ದೆವಾಂದ್ರ್ ಅನ್ನಾವ 1927ರಾಗ ಕಂಡುಹಿಡಿದ. ಪೆಟ್ರೋಲ್ ಇಂಜಿನ್ನಿನ ಪಿಸ್ಟನ್ ಕೆಳಗ ಇಳಿದಾಗ ಗಾಳಿ ಎಳಿತೈತಿ. ಎಕ್ಸಿಲೇಟರ್ ಬಿಟ್ಟಾಗ ಗಾಳಿಯ ದಾರಿ ಮುಚ್ಚಿರ್ತೈತಿ, ಹಂಗಾಗಿ ಒಳಗ ಹೊರಗಿನ ಒತ್ತಡದ ಮೂರನೇ ಒಂದು ಪಾಲಿನಷ್ಟ ಉಳಿತೈತಿ. ಆ ಎಳೆತಾನ ಪೈಪಿನಿಂದ ಡಬ್ಬಿಗೆ ತಂದ್ರ, ಡಬ್ಬಿಯೊಳಗಿನ ರಬ್ಬರ್ ಹಾಳಿಯನ್ನ ಹೊರಗಿನ ಗಾಳಿ ಒತ್ತತೈತಿ. ಲೆಕ್ಕ ಹಾಕ್ರಿ: ಚದರ ಸೆಂಟಿಮೀಟರಿಗೆ ಗಾಳಿಯ ಒತ್ತಡ ಸುಮಾರು ಒಂದು ಕಿಲೋ. ಸಣ್ಣ ರೊಟ್ಟಿಯಷ್ಟು, 18 ಸೆಂಟಿಮೀಟರ್ ಅಗಲದ ಹಾಳಿ ಅಂದ್ರ 250 ಚದರ ಸೆಂಟಿಮೀಟರ್ ಆತು. ಮೂರನೇ ಎರಡು ಪಾಲು ಒತ್ತಡ ಸಿಕ್ರೂ ನೂರಾ ಐವತ್ತು ಕಿಲೋದ ಮ್ಯಾಲ ಬಲ. ಒಂದೂವರೆ ಕ್ವಿಂಟಲ್ ಜ್ವಾಳದ ಭಾರ ನಿಮ್ಮ ಕಾಲಿನ ಜೊತಿಗೆ ಒತ್ತಿದಂಗ. ಪೈಪು ಒಡೆದ್ರ ಆ ಸಹಾಯ ಅಷ್ಟೂ ಹೋತು. ಪೈಪಿನ ದಾರಿಯೊಳಗ ಒಂದ ಕಡೆ ತೆರೆಯೋ ವಾಲ್ವ್ ಒಂದಿರ್ತೈತಿ, ಹಂಗಾಗಿ ಒಂದೆರಡು ಸಲ ಒತ್ತೋ ಅಷ್ಟು ಕೂಡಿಟ್ಟಿದ್ದು ಇರ್ತೈತಿ. ನಮ್ಮ ಮೂರನೇ ಒತ್ತು ಕಲ್ಲಾಗಿದ್ದು ಅದಕ್ಕ.

ಕಾರಿನ್ಯಾಗ ಈ ಎಳೆತ ಇನ್ನೂ ಎಷ್ಟೋ ಕೆಲಸ ಮಾಡ್ತಿತ್ತು. ಹಳೇ ವಿಲ್ಲಿಸ್ ಜೀಪಿನ ವೈಪರ್ ಆಡ್ತಿದ್ದುದು ಇದರ ಮ್ಯಾಲ. ಏರು ಹತ್ತಾಕ ಎಕ್ಸಿಲೇಟರ್ ತುಳಿದ್ರ ಎಳೆತ ಕಡಿಮಿ ಆಗಿ, ಮಳಿಯೊಳಗ ವೈಪರ್ ನಿಂತ ಬಿಡ್ತಿತ್ತು. ಸಣ್ಣ ಪೈಪೊಂದು ಡಿಸ್ಟ್ರಿಬ್ಯೂಟರಿಗೆ ಹೋಗಿ, ಗಾಡಿ ಹಗುರ ಓಡುವಾಗ ಕಿಡಿ ಒಂಚೂರು ಮೊದಲ ಹಾರಂಗ ಮಾಡ್ತಿತ್ತು. ಅದರಿಂದ ಪೆಟ್ರೋಲ್ ಉಳಿತಿತ್ತು. ಆಮ್ಯಾಲ ಅಮೆರಿಕಾದಾಗ 1970ರ ಹೊಗಿ ಕಾಯ್ದೆ ಬಂತು. ಕಂಪ್ಯೂಟರ್ ಇಲ್ಲದ ಕಾಲ, ಹೊಗಿ ಕಡಿಮಿ ಮಾಡಾಕ ಎಲ್ಲಾದಕ್ಕೂ ಒಂದೊಂದು ಪೈಪು ಹಾಕಿದ್ರು. ಎಷ್ಟಂದ್ರ, ಬಾನೆಟ್ ಕೆಳಗ ಪೈಪಿನ ನಕ್ಷಾ ಅಂಟಿಸಬೇಕಾತು.

ನಮ್ಮ ದೇಶದಾಗ ಕಾರಂದ್ರ ಮೊದಲ ಮುಖ್ಯವಾಗಿ ಎರಡ: ಬಂಗಾಳದ ಉತ್ತರಪಾಡಾದಾಗ ತಯಾರಾಗ್ತಿದ್ದ ಅಂಬಾಸಿಡರ್, ಮುಂಬೈನ ಕುರ್ಲಾದಾಗ ತಯಾರಾಗ್ತಿದ್ದ ಫಿಯಟ್, ಫಿಯಟ್ಟಿಗೆ 1970ರ ದಶಕದಾಗ ಪದ್ಮಿನಿ ಅಂತ ಹೆಸರಾತು. 1983ರ ಡಿಸೆಂಬರ್ 14ಕ್ಕ ಮಾರುತಿ 800 ಬಂತು, ಮೂರು ಸಿಲಿಂಡರ್, 796 ಸಿಸಿ ಇಂಜಿನ್. ಮೊದಲ ಗಾಡಿಯ ಕೀ ಇಂದಿರಾ ಗಾಂಧಿಯವ್ರು ಹರಪಾಲ್ ಸಿಂಗ್ ಅನ್ನೋರಿಗೆ ಕೊಟ್ರು. 2000ದಿಂದ ಹೊಗಿ ನಿಯಮ ಬಿಗಿ ಆಗಿ ಕಾರ್ಬುರೇಟರ್ ಹೋತು, ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ಬಿಡೋ ಇಂಜಿನ್ ಬಂತು, ಎಷ್ಟೋ ಸಣ್ಣ ಪೈಪು ಕಾಣದಂಗಾದ್ವು. ಅವುಗಳ ಜೊತಿಗೆ ಕಿವಿಗೆ ಪೈಪಿಟ್ಟು ಕೇಳೋ ಮಿಸ್ತ್ರಿಗಳೂ ಕಡಿಮಿ ಆದ್ರು. ನಮ್ಮ ಗಾಡಿ ಹಳೇ ಪದ್ಧತಿಯ ಕೊನೀ ಬ್ಯಾಚಿಂದು. ಹೊಸಾ ಗ್ಯಾರೇಜಿನ ಹುಡುಗರಿಗೆ ಅದು ತಿಳಿಲಿಲ್ಲಂದ್ರ ಅವರದೂ ತಪ್ಪಲ್ಲ ಬಿಡ್ರಿ. ಆದ್ರ ಬ್ರೇಕಿನ ಬೂಸ್ಟರ್ ಪೈಪು ಮಾತ್ರ ಇವತ್ತಿನ ಭಾಳಷ್ಟು ಕಾರಿನ್ಯಾಗೂ ಐತಿ, ನಿಮ್ಮನಿ ಗಾಡ್ಯಾಗೂ ಇರಬಹುದು.

ರಬ್ಬರಿಗೂ ಆಯುಷ್ಯ ಐತಿ. ಮೊದಲಿನ ರಬ್ಬರು ಬಿಸಲಿಗೆ ಅಂಟಾಗಿ, ಚಳಿಗೆ ಗಟ್ಟಿ ಆಗ್ತಿತ್ತು. ಅದಕ್ಕ ಗಂಧಕ ಹಾಕಿ ಕಾಸಿದ್ರ ತಾಳ್ತೈತಿ ಅಂತ 1839ರಾಗ ಅಮೆರಿಕಾದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ. ಅದೂ ಪೆಟ್ರೋಲ್ ತಾಗಿದ್ರ ಉಬ್ಬತಿತ್ತು. 1930ರ ದಶಕದಾಗ ಜರ್ಮನಿಯವ್ರು ಎಣ್ಣಿ-ಪೆಟ್ರೋಲ್ ತಡಿಯೋ ನೈಟ್ರೈಲ್ ರಬ್ಬರ್ ಮಾಡಿದ್ರು. ಯಾವುದ ಇರಲಿ, ನಮ್ಮ ಎಪ್ರಿಲ್-ಮೇ ಬಿಸಲಿಗೆ, ಬಾನೆಟ್ ಒಳಗಿನ ಕಾವಿಗೆ ಕಡೀಕ ಗಟ್ಟಿ ಆಗಿ ಸೀಳತೈತಿ. ಕುಕ್ಕರ್ ರಬ್ಬರ್ ನಾವು ವರ್ಷ ಎರಡು ವರ್ಷಕ್ಕ ಬದಲಿ ಮಾಡ್ತೀವಿ, ಕಾರಿನ ಪೈಪು ಇಪ್ಪತ್ತೈದು ವರ್ಷ ಮುಟ್ಟಿಲ್ಲ.

ಮಿಸ್ತ್ರಿ ಹೇಳಿದ್ದು, ನಾನು ನೋಡಿದ್ದು ಇಷ್ಟು. ಒಂದು ಸೀಳಿತಂದ್ರ ಉಳಿದಾವೂ ಅದ ವಯಸ್ಸಿನಾವು, ಎಲ್ಲಾ ಒಮ್ಮೆ ಬದಲಿ ಮಾಡ್ರಿ. ಆದ್ರ ಎಲ್ಲಾ ಒಮ್ಮೆ ಕೀಳಬ್ಯಾಡ್ರಿ. ಒಂದು ತಗಿ, ಅದರ ಜಾಗಕ್ಕ ಹೊಸಾದು ಹಾಕು, ಆಮ್ಯಾಲ ಇನ್ನೊಂದು. ಮೊದಲ ಫೋನಿನ್ಯಾಗ ಫೋಟೋ ತಗೊಂಡಿರ್ರಿ. ಹಳೇದನ್ನ ಜಗ್ಗಿದ್ರ ಪ್ಲಾಸ್ಟಿಕ್ ಮೂಗು ಮುರಿತೈತಿ, ತಿರುವಿ ಬಿಡಿಸಬೇಕು. ಬರದಿದ್ರ ಉದ್ದಕ್ಕ ಸೀಳಿ ತಗೀಬೇಕು. ಬ್ರೇಕಿಗೆ ಬ್ರೇಕಿನ ಪೈಪ ಬೇಕು. ನೀರಿನ ಮೆತ್ತನ್ನ ಪೈಪು ಹಾಕಿದ್ರ ಎಳೆತಕ್ಕ ಚಪ್ಪಟಿ ಆಗ್ತೈತಿ. ಸೋರಿಕಿ ಹುಡುಕಾಕ ಬಿಸಿ ಇಂಜಿನ್ ಮ್ಯಾಲ ಪೆಟ್ರೋಲ್ ಹೊಡಿಯೋರನ್ನ ದೂರ ಇಡ್ರಿ, ಬೆಂಕಿ ಹತ್ತತೈತಿ.

ಇನ್ನ ಒಂದು ಪರೀಕ್ಷಾ, ಗಾಡಿ ಓಡಸಾಕ ಬರದವರೂ ಮಾಡಬಹುದು. ಗಾಡಿ ನ್ಯೂಟ್ರಲ್‌ನ್ಯಾಗಿಟ್ಟು, ಕೈ ಬ್ರೇಕ್ ಹಾಕಿ, ಇಂಜಿನ್ ಬಂದ್ ಇದ್ದಾಗ ಬ್ರೇಕ್ ಪೆಡಲ್ ನಾಕೈದು ಸಲ ಒತ್ತರಿ. ಅದು ಗಟ್ಟಿ ಆಗ್ತೈತಿ. ಕಾಲು ಒತ್ತಿ ಹಿಡಕೊಂಡ ಇಂಜಿನ್ ಚಾಲೂ ಮಾಡ್ರಿ. ಪೆಡಲ್ ಒಂಚೂರು ಕೆಳಗ ಇಳಿದ್ರ ಬೂಸ್ಟರ್ ಕೆಲಸ ಮಾಡಾಕತ್ತೈತಿ. ಇಳಿಲಿಲ್ಲಂದ್ರ ಅವತ್ತ ಊರಿಗೆ ಹೊಂಡಬ್ಯಾಡ್ರಿ, ಮಿಸ್ತ್ರಿನ ಕರಿರಿ.

ಪೈಪಿಗೆ ಬಿದ್ದ ಖರ್ಚು ಒಂದು ಸೀರಿಯ ಬ್ಲೌಸ್ ಹೊಲಿಸಿದಷ್ಟ. ಗಾಡಿ ಈಗ ನಿಂತಲ್ಲಿ ಗಪ್ಪನ ನಿಲ್ತೈತಿ, ಗುಜರಿಯ ಮಾತು ಹೋತು. ಹೋದ ಸೋಮವಾರ ಗವಿಮಠಕ್ಕ ಹೋಗುವಾಗ ನಮ್ಮನಿಯವ್ರು ಇಂಜಿನ್ ಚಾಲೂ ಮಾಡಿ, ಹಿಂದ ತಿರುಗಿ, “ಯವ್ವಾ, ಏನರ ಕೇಳಸ್ತೈತೇನ?” ಅಂತ ಕೇಳಿದ್ರು. ಅತ್ತಿಯವ್ರು ಒಂದು ಗಳಿಗಿ ಕಣ್ಣು ಮುಚ್ಚಿ ಕೇಳಿ, “ಇಲ್ಲಪ್ಪ, ನಡಿ” ಅಂದ್ರು. ಆಮ್ಯಾಲ ಹೊಂಟ್ವಿ.