ಕೊಳಗ ಹೋಯಿತು, ಮುಯ್ಯಾಳು ಉಳಿಯಲಿ

ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆಯಿರಿ ಎಂದಾಗ ನಮಗೆ ಮೊದಲು ನೆನಪಾದದ್ದು ಹಿರಿಯರ ಬಾಯಲ್ಲಿದ್ದ ಹಳೆಯ ಮಾತುಗಳು. ಈಗಿನ ಮಕ್ಕಳಿಗೆ ಕೊಳಗ ಅಂದರೆ ಏನು ಅಂತ ಕೇಳಿದರೆ ನಮ್ಮ ಮುಖ ನೋಡುತ್ತಾರೆ.

ಹಿಂದೆ ನಮ್ಮ ಬಾಳೂರು ಸೀಮೆಯಲ್ಲಿ ಭತ್ತವನ್ನು ತೂಗುತ್ತಿರಲಿಲ್ಲ, ಅಳೆಯುತ್ತಿದ್ದರು. ನಾಲ್ಕು ಪಾವಿಗೆ ಒಂದು ಸೇರು, ಅರ್ಧ ಸೇರಿಗೆ ಅಚ್ಚೇರು, 20 ಕೊಳಗಕ್ಕೆ ಒಂದು ಖಂಡುಗ. ಗದ್ದೆಯನ್ನೂ ಬೀಜದ ಲೆಕ್ಕದಲ್ಲಿ 'ಖಂಡುಗದ ಗದ್ದೆ', 'ಹತ್ತು ಕೊಳಗದ ಗದ್ದೆ' ಅಂತಿದ್ದರು. ಕಣದಲ್ಲಿ ರಾಶಿ ಅಳೆಯುವಾಗ 'ಒಂದು' ಅನ್ನದೆ 'ಲಾಭ' ಅಂತಲೇ ಎಣಿಕೆ ಶುರು. 1956ರ ಕಾನೂನಿನಂತೆ 1958ರಿಂದ ಹಂತ ಹಂತವಾಗಿ ಕಿಲೋ, ಲೀಟರು ಬಂದವು.

ದುಡ್ಡಿನ ಮಾತೂ ಹಾಗೆಯೇ. ರೂಪಾಯಿಗೆ 16 ಆಣೆ ಇತ್ತು. 1957ರ ಏಪ್ರಿಲ್ 1ರಿಂದ 100 ಪೈಸೆ ಆಯಿತು. ಆದರೂ ಜನ 25 ಪೈಸೆಗೆ 'ನಾಲ್ಕಾಣೆ' ಅನ್ನುವುದನ್ನು ಬಿಡಲಿಲ್ಲ. 2011ರ ಜೂನ್ ಕೊನೆಗೆ ಆ ನಾಣ್ಯವೇ ನಿಂತು ಹೋಯಿತು.

ಹೋದ ಮಾತಿಗೆಲ್ಲ ಅಳಬೇಕಾಗಿಲ್ಲ. ಮಳೆಗಾಲದಲ್ಲಿ ಭತ್ತ ಕಡ ತಂದವರ ಕಷ್ಟವನ್ನು ಹಿರಿಯರು ಹೇಳಿದ್ದು ಕೇಳಿದ್ದೇವೆ. ಕೊಡುವಾಗ ತಲೆ ಸವರಿದ ಕೊಳಗ, ವಾಪಸು ತಗೊಳ್ಳುವಾಗ ತಲೆ ಕಟ್ಟಿದ ಕೊಳಗ! ಕೊಳಗ ಒಂದೇ, ಅಳೆಯುವ ಕೈ ಬೇರೆ. 'ಗೇಣಿ' ಎಂಬುದೂ ಅಂಥದೇ ಮಾತು. 1974ರ ಮಾರ್ಚ್ 1ರಿಂದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದು, ಉಳುವವರು ಒಡೆತನಕ್ಕೆ ಅರ್ಜಿ ಹಾಕುವಂತಾಯಿತು. ಆ ಮಾತು ಮರೆಯಾದದ್ದು ಒಳ್ಳೆಯದೇ ಆಯಿತು.

ಆದರೆ 'ಮುಯ್ಯಾಳು' ಹೋದದ್ದು ಮಾತ್ರ ನಮಗೆ ನಷ್ಟ. ಇವತ್ತು ನಮ್ಮ ಗದ್ದೆ ನಟ್ಟಿಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾವು. ಗೊರಬು ಹೊದ್ದು, ಸಾಲಾಗಿ ನಿಂತು ನೆಡುತ್ತಿದ್ದರು. ಕೂಲಿಯಿಲ್ಲ, ಬಡ್ಡಿಯಿಲ್ಲ, ಚೀಟಿಯಿಲ್ಲ. ಮುಯ್ಯಿ ತೀರಿಸದವರಿಗೆ ಊರಲ್ಲಿ ತಲೆಯೆತ್ತಿ ನಡೆಯಲು ನಾಚಿಕೆ. ಗದ್ದೆ ಕಡಿಮೆಯಾಗಿ ತೋಟ ಹೆಚ್ಚಿದ ಮೇಲೆ ದಿನಗೂಲಿ ಬಂತು, ಮುಯ್ಯಾಳು ಅಪರೂಪವಾಯಿತು.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಸಂಘ ಅನ್ನುವುದು ಕಾಗದದ ಮೇಲೆ ಹೊಸದಿರಬಹುದು, ಒಳಗಿರುವುದು ಅದೇ ಮುಯ್ಯಿ. ಒಬ್ಬರು ವಾಯಿದೆಗೆ ಸಾಲ ಕಟ್ಟಿದರೆ ತಾನೆ ಇನ್ನೊಬ್ಬರ ಕೈಗೆ ಹಣ ಸಿಗುವುದು? ಕೊಡುವಾಗಲೂ ತಗೊಳ್ಳುವಾಗಲೂ ಕೊಳಗ ಒಂದೇ ಸಮ ಇರಬೇಕು. ಈ ಮಾತು ನಿರ್ದೇಶಕರಾದ ನಮಗೂ ಸೇರಿದ್ದು.

ಹಿರಿಯರಲ್ಲಿ ಒಂದು ಬಿನ್ನಹ. ಅಟ್ಟದ ಮೇಲೆ ಬಿದ್ದಿರುವ ಸೇರು, ಪಾವುಗಳನ್ನು ಇಳಿಸಿ ಮೊಮ್ಮಕ್ಕಳಿಗೆ ತೋರಿಸಿ, ಹೆಸರು ಹೇಳಿಕೊಡಿ. ಹಾಗೆಯೇ ಮುಯ್ಯಾಳಿನ ಕಥೆಯನ್ನೂ ಹೇಳಿ.