ದಾರಿ ಹುಡುಕುವ ಹೊಣೆ: ರಿಲೇಷನಲ್ ಡೇಟಾಬೇಸಿನ ಮೊದಲ ವರ್ಷಗಳು

‘ಆಲ್ಫಾ’ ಎಂಬ ಪ್ರಾಜೆಕ್ಟಿಗೆ ಬಳಕೆಯಾಗುವ ಪ್ರತಿಯೊಂದು ಬಿಡಿಭಾಗದ ಸಂಖ್ಯೆ, ಹೆಸರು ಮತ್ತು ಮೀಸಲಿಟ್ಟ ಪ್ರಮಾಣವನ್ನು ಮುದ್ರಿಸಬೇಕು. 1970ರ ಜೂನ್‌ನಲ್ಲಿ ಎಡ್ಗರ್ ಎಫ್. ಕಾಡ್ ಪ್ರಕಟಿಸಿದ ಹನ್ನೊಂದು ಪುಟಗಳ ಪ್ರಬಂಧದಲ್ಲಿ ಬರುವ ಸಣ್ಣ ಸಮಸ್ಯೆ ಇದು. ಇದೇ ಮಾಹಿತಿಯನ್ನು ಐದು ಬಗೆಯಲ್ಲಿ ಕಡತಗಳಲ್ಲಿ ಜೋಡಿಸಬಹುದೆಂದು ಕಾಡ್ ತೋರಿಸುತ್ತಾರೆ. ಒಂದು ಜೋಡಣೆಗೆಂದು ಬರೆದ ಪ್ರೋಗ್ರಾಂ ಉಳಿದವುಗಳಲ್ಲಿ ಕೆಲವಕ್ಕಾದರೂ ಕೆಲಸಕ್ಕೆ ಬಾರದು. ಕಡತದ ರೂಪ ಬದಲಾದರೆ ಪ್ರೋಗ್ರಾಂ ಕೆಡುವುದೇಕೆ ಎಂಬುದೇ ಅವರ ಮೂಲ ಪ್ರಶ್ನೆ. ಕೋಷ್ಟಕಗಳು ಅದಕ್ಕೆ ಉತ್ತರವಾಗಿ ಬಂದವು.

ಆಗ ಬಳಕೆಯಲ್ಲಿದ್ದ ವ್ಯವಸ್ಥೆಗಳಲ್ಲಿ ಮಾಹಿತಿ ಇರುವೆಡೆಗೆ ದಾರಿ ಹುಡುಕುವ ಹೊಣೆ ಪ್ರೋಗ್ರಾಮರನದು. ಜನರಲ್ ಎಲೆಕ್ಟ್ರಿಕ್‌ನಲ್ಲಿ ಚಾರ್ಲ್ಸ್ ಬಾಕ್‌ಮನ್ ರೂಪಿಸಿದ್ದ ಐಡಿಎಸ್‌ನಲ್ಲಿ ದಾಖಲೆಗಳನ್ನು ಪಾಯಿಂಟರ್‌ಗಳಿಂದ ಕೊಂಡಿ ಹಾಕಿರುತ್ತಿದ್ದರು. ಅಪೊಲೊ ಯೋಜನೆಯ ಬಿಡಿಭಾಗಗಳ ಲೆಕ್ಕಕ್ಕಾಗಿ ಹುಟ್ಟಿದ ಐಬಿಎಂನ ಐಎಂಎಸ್‌ನಲ್ಲಿ ಅವು ಶ್ರೇಣಿಯಾಗಿ ಮೇಲಿಂದ ಕೆಳಕ್ಕೆ ಕವಲೊಡೆಯುತ್ತಿದ್ದವು. 1973ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದಾಗ ಬಾಕ್‌ಮನ್ ಪ್ರೋಗ್ರಾಮರನನ್ನು ನಾವಿಕನೆಂದು ಕರೆದರು. ಅವರ ಪಾಲಿಗೆ ಅದು ಹೊರೆಯಲ್ಲ, ಬಿರುದು.

ಆಕ್ಸ್‌ಫರ್ಡ್‌ನಲ್ಲಿ ಗಣಿತ ಓದಿದ್ದ ಕಾಡ್‌ಗೆ ಈ ನಾವಿಕನೇ ಬೇಡವಾಗಿತ್ತು. ಅವರ ಕೋಷ್ಟಕ, ಅಂದರೆ ರಿಲೇಷನ್, ಒಂದು ಗಣ: ಸಾಲುಗಳಿಗೆ ಕ್ರಮವಿಲ್ಲ, ಪಾಯಿಂಟರ್ ಇಲ್ಲ, ನಂಟು ಇರುವುದು ಮೌಲ್ಯಗಳ ಮೂಲಕ ಮಾತ್ರ. ಏನು ಬೇಕೆಂದು ಕೇಳಿದರೆ ಸಾಕು. 1974ರಲ್ಲಿ ಆನ್ ಆರ್ಬರ್‌ನಲ್ಲಿ ಬಾಕ್‌ಮನ್ ಮತ್ತು ಕಾಡ್ ಅವರ ಪಂಗಡಗಳು ಮುಖಾಮುಖಿಯಾದವು. ಗಣಿತ ಚೆನ್ನಾಗಿದೆ, ಯಂತ್ರ ಓಡೀತೇ ಎಂಬ ಅನುಮಾನ ಮಾತ್ರ ಉಳಿಯಿತು. ಆ ಕಾಲದ ಕಂಪ್ಯೂಟರುಗಳನ್ನು ನೆನೆದರೆ ಅದು ನ್ಯಾಯವಾದ ಅನುಮಾನವೇ.

ಅದನ್ನು ನೀಗಿಸಿದ್ದು ವಾದವಲ್ಲ, ಎರಡು ಪ್ರಯೋಗಗಳು: ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಯೂಜೀನ್ ವಾಂಗ್ ಕಟ್ಟಿದ ಇಂಗ್ರೆಸ್, ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದ ಸಿಸ್ಟಂ ಆರ್. ಎರಡನೆಯದರ ಬಗ್ಗೆ ಪೆಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು 1979ರಲ್ಲಿ ಬರೆದ ಪ್ರಬಂಧ ನನ್ನ ದೃಷ್ಟಿಯಲ್ಲಿ ಕಾಡ್ ಅವರ ಪ್ರಬಂಧದಷ್ಟೇ ತೂಕದ್ದು. ಒಂದೇ ಪ್ರಶ್ನೆಗೆ ಹಲವು ದಾರಿಗಳಿರುತ್ತವೆ. ಯಾವ ಕೋಷ್ಟಕವನ್ನು ಮೊದಲು ಓದಬೇಕು, ಇಂಡೆಕ್ಸ್ ಬಳಸಬೇಕೇ ಬೇಡವೇ ಎಂಬುದರ ಮೇಲೆ ವೆಚ್ಚ ನಿಲ್ಲುತ್ತದೆ. ಡಿಸ್ಕಿನಿಂದ ತರಬೇಕಾದ ಪುಟಗಳು ಮತ್ತು ಪ್ರೊಸೆಸರಿನ ದುಡಿಮೆಯನ್ನು ಅಂದಾಜಿಸಿ ಅಗ್ಗದ ದಾರಿಯನ್ನು ಆಪ್ಟಿಮೈಜರ್ ತಾನೇ ಆರಿಸಿಕೊಳ್ಳುತ್ತದೆ. ನಾವಿಕನ ಕೆಲಸ ತಂತ್ರಾಂಶದ ಒಳಗೆ ಸೇರಿದ್ದು ಹೀಗೆ.

ಮಾರುಕಟ್ಟೆಯ ಕಥೆ ಗೊತ್ತಿರುವುದೇ. ಐಬಿಎಂನವರು ಪ್ರಕಟಿಸಿದ್ದನ್ನು ಓದಿಕೊಂಡ ಲ್ಯಾರಿ ಎಲಿಸನ್ ಮತ್ತು ಸಂಗಡಿಗರ ಕಂಪನಿ 1979ರಲ್ಲೇ ಒರಾಕಲ್ ಮಾರಾಟಕ್ಕಿಟ್ಟಿತು. ಐಬಿಎಂನ ಡಿಬಿ2 ಬಂದದ್ದು 1983ರಲ್ಲಿ.

ಏನು ಬೇಕೆಂದು ಕೇಳಲು ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ರೂಪಿಸಿದ ಭಾಷೆ ಎಸ್‌ಕ್ಯೂಎಲ್ ಎಂಬ ಹೆಸರಿನಲ್ಲಿ ಹಬ್ಬಿತು. ಕಾಡ್‌ಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಗಣದಲ್ಲಿ ಒಂದೇ ಸದಸ್ಯ ಎರಡು ಸಲ ಇರಲಾರದು. ಎಸ್‌ಕ್ಯೂಎಲ್ ಕೋಷ್ಟಕದಲ್ಲಿ ಒಂದೇ ಸಾಲು ಎಷ್ಟು ಸಲವಾದರೂ ಬರಬಹುದು. 1985ರಲ್ಲಿ ಅವರು ರಿಲೇಷನಲ್ ಎನಿಸಿಕೊಳ್ಳಲು ಬೇಕಾದ ನಿಯಮಗಳನ್ನು ಪಟ್ಟಿಮಾಡಿ ಕಂಪನಿಗಳನ್ನು ತರಾಟೆಗೆ ತೆಗೆದುಕೊಂಡರು. ಮರುವರ್ಷ ಅಮೆರಿಕದ ಮಾನಕ ಸಂಸ್ಥೆ ಎಸ್‌ಕ್ಯೂಎಲ್ ಅನ್ನು ಅಂಗೀಕರಿಸಿತು, ನಕಲು ಸಾಲುಗಳ ಸಮೇತ.